ಮಚವೆ ಬರುವ ಹೊತ್ತು

ಜಾಲಿ, ಭಟ್ಕಳ
ತಾ. ೧೮-೧೦-೧೯೪೩

ಚಿ. ಮಾಬ್ಲೇಶ್ವರನಿಗೆ ಭಾವ ಪಾಂಡುವಿನ ಆಶೀರ್ವಾದ.

ಮಳೆಗಾಲ ಕಳೆದು ನಮ್ಮ ಮಚವೆ ಹಾಯಿ ಕಟ್ಟಿ ನೀರಿಗಿಳಿದು ಒಂದು ತಿಂಗಳಾಯಿತು. ತಳಕ್ಕೆ ಎರಡು ಹೊಸ ಹಲಗೆ ಹಾಕಿಸಿದ್ದೇನೆ, ನೀರು ಒಸರುವುದು ನಿಂತಿದೆ. ತೆಂಗಿನಕಾಯಿ, ಹುರಿಹಗ್ಗ ಹೇರಿಕೊಂಡು ಕುಮಟೆಗೆ ಹೋಗುವುದು, ಅಲ್ಲಿಂದ ಉಪ್ಪು ತರುವುದು. ಕೆಲಸ ಹಿಂದಿನಂತೆಯೇ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೊನ್ನಾವರದ ಅಳಿವೆಯೊಳಗೆ ಹೊಕ್ಕು ನಿಮ್ಮ ಸುಂಕದ ನಾಕೆಯಲ್ಲಿ ಪಾಸಿಗೆ ಸಿಕ್ಕೆ ಹೊಡೆಸುವುದು ಹೋದ ವರ್ಷದಿಂದ ಅಭ್ಯಾಸವಾಗಿದೆ.

ಆದರೆ ಕಳೆದ ಗುರುವಾರ ಸಿಕ್ಕೆಯ ಜೊತೆಗೆ ಝಡತಿಯೂ ಆಯಿತು, ಸರಕನ್ನೆಲ್ಲ ತಡಕಿದರು. ಹೊಸ ಸಾಹೇಬರು ದಂಡೆಯಲ್ಲಿ ಕುರ್ಚಿ ಹಾಕಿಸಿ ಕೂತಿದ್ದರು. ಶಿಪಾಯಿ ನಾರಾಯಣ ಕಬ್ಬಿಣದ ಸಲಾಕೆ ಹಿಡಿದು ಹತ್ತಿ, ಹುರಿಹಗ್ಗದ ಸುರುಳಿಗಳಿಗೆ ಒಂದೊಂದಾಗಿ ಚುಚ್ಚಿದ. ನಮ್ಮ ಮುದುಕ ಬೀರಪ್ಪ ಸುಮ್ಮನಿರಬೇಕಲ್ಲ. “ಹಗೂರ ಮಾರಾಯಾ, ಒಳಗೆ ಜರ್ಮನಿಯವ ಅಡಗಿ ಕೂತಿದ್ರೆ ಕಣ್ಣಿಗೆ ತಾಗೂದು” ಎಂದ. ನಾರಾಯಣನಿಗೆ ನಗು ಬಂತು, ಸಾಹೇಬರಿಗೆ ಬರಲಿಲ್ಲ. ಏನೂ ಸಿಗಲಿಲ್ಲ. ಅಷ್ಟರಲ್ಲಿ ಭರತದ ನೀರು ಇಳಿದು ನಾವು ಅರ್ಧ ದಿನ ಅಳಿವೆಯೊಳಗೇ ಕೂತೆವು.

ನಿನ್ನನ್ನು ಹುಡುಕಿದೆ. “ನಮ್ಮ ಕಾರಕೂನರು ಕುಮಟೆಗೆ ಹೋಗಿದ್ದಾರೆ” ಎಂದರು.

ನಿನ್ನ ಅಕ್ಕ ಮಾಸ್ತಮ್ಮ ಇಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಾಳೆ. ಅವಳಿಗೆ ಬರೆಯಲು ಬಾರದ್ದಕ್ಕೆ ನನ್ನ ಕೈಯಲ್ಲಿ ಕೇಳಿಸುತ್ತಾಳೆ: ನಿನ್ನ ಕೆಲಸ ಖಾಯಂ ಆಯಿತೇ?

ಪಾಂಡು


ಹೊನ್ನಾವರ
ತಾ. ೨೭-೧೦-೧೯೪೩

ತೀರ್ಥರೂಪ ಸಮಾನರಾದ ಭಾವನವರಿಗೆ ಮಾಬ್ಲೇಶ್ವರನ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಝಡತಿಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಯುದ್ಧದ ಕಾಲ. ದಕ್ಷಿಣದ ಗಡಿಯಾಚೆಯಿಂದ ಮಚವೆಗಳಲ್ಲಿ ಅಕ್ಕಿ ಕದ್ದು ಬರುತ್ತಿದೆಯೆಂದು ಮೇಲಿನವರಿಗೆ ವರದಿ ಹೋಗಿದೆ. ಅದಕ್ಕಾಗಿಯೇ ಹೊಸ ಸಾಹೇಬರನ್ನು ಕಳಿಸಿದ್ದಾರೆ. ದಾರಿಯ ಊಟಕ್ಕೆಂದು ಆಳಿಗೆ ಎರಡು ಸೇರು ಅಕ್ಕಿ ಇಟ್ಟುಕೊಳ್ಳಬಹುದು. ಪರವಾನಗಿ ಇಲ್ಲದೆ ಅದಕ್ಕಿಂತ ಹೆಚ್ಚು ಸಿಕ್ಕರೆ ಅಕ್ಕಿಯಷ್ಟೇ ಅಲ್ಲ, ಮಚವೆಯೂ ಜಪ್ತಿ. ನಿಮ್ಮದರಲ್ಲಿ ಅಂಥದೇನೂ ಇರುವುದಿಲ್ಲವೆಂದು ನನಗೆ ಗೊತ್ತು. ಆದ್ದರಿಂದ ನನಗೆ ಚಿಂತೆಯಿಲ್ಲ.

ಇನ್ನು ಮುಂದೆ ನೀವು ಬರುವ ದಿನ ಯಾವುದು, ಯಾವ ಭರತಕ್ಕೆ ಅಳಿವೆ ಹೊಗುತ್ತೀರಿ ಎಂಬುದನ್ನು ಮುಂಚೆಯೇ ಒಂದು ಕಾರ್ಡು ಬರೆದು ತಿಳಿಸಿ. ಅಕ್ಕನಿಗೆ ಒಂದು ಸೀರೆ ತೆಗೆದಿಟ್ಟಿದ್ದೇನೆ. ಈಗ ಬಟ್ಟೆ ಸಿಗುವುದೇ ಕಷ್ಟ. ನಿಮ್ಮ ಕೈಯಲ್ಲೇ ಕೊಡಬೇಕು.

ಇನ್ನೊಂದು ಮಾತು. ದಂಡೆಯಲ್ಲಿ ಕಂಡರೆ ನನ್ನನ್ನು ಹೆಸರು ಹಿಡಿದು ಕರೆಯಬೇಡಿ. ನಾಕೆಯ ನೌಕರರಿಗೆ ಮಚವೆಯವರ ಸಲಿಗೆ ಇರುವುದು ಸಾಹೇಬರಿಗೆ ಸೇರುವುದಿಲ್ಲ.

ಕೆಲಸ ಇನ್ನೂ ಹಂಗಾಮಿಯೇ. ಸಾಹೇಬರ ಶಿಫಾರಸು ಮಾರ್ಚಿನಲ್ಲಿ ಹೋಗುತ್ತದೆ.

ಮಾಬ್ಲೇಶ್ವರ


ಜಾಲಿ
ತಾ. ೨೨-೧೧-೧೯೪೩

ಚಿ. ಮಾಬ್ಲೇಶ್ವರನಿಗೆ ಆಶೀರ್ವಾದ.

ನೀನು ಹೇಳಿದಂತೆ ಈ ತಿಂಗಳು ಮೂರು ಕಾರ್ಡು ಬರೆದೆ. ಮೂರು ಸಲವೂ ಬರೆದ ದಿನಕ್ಕೆ, ಬರೆದ ಭರತಕ್ಕೆ ಬಂದೆ. ಮೂರು ಸಲವೂ ಝಡತಿಯಾಯಿತು. ಮೂರು ಸಲವೂ ನೀನಿರಲಿಲ್ಲ. ಸೀರೆಯೂ ಇರಲಿಲ್ಲ.

ಹೋದ ಸೋಮವಾರ ನಮ್ಮ ಮುಂದೆ ಮೂರು ಮಚವೆ, ಹಿಂದೆ ಎರಡು ಇದ್ದವು. ಅವರ ಪಾಸಿಗೆ ಸಿಕ್ಕೆ ಹೊಡೆದು ಬಿಟ್ಟರು. ನಮ್ಮ ಸರದಿ ಬಂದಾಗ ನಾರಾಯಣ ಕಿಸೆಯಿಂದ ಒಂದು ಚೀಟಿ ತೆಗೆದು ನೋಡಿದ.

“ನಂಬರ ಮೂವತ್ತೊಂದು ಇದೇ ಅಲ್ದಾ?”

“ಹೋದ ವಾರವೂ ಇದೇ, ಇವತ್ತೂ ಇದೇ” ಎಂದ ಬೀರಪ್ಪ. “ನಾಳೆ ನಿನ್ನ ಮದುವೆ ದಿಬ್ಬಣಕ್ಕೂ ಇದೇ. ಹೆಣ್ಣು ಸಿಕ್ಕರೆ ಹೇಳು.”

“ಬಾಯಿ ಮುಚ್ಚಾ ಮುದುಕ. ಮೂತಿಯಲ್ಲಿ ಎಂತ ಅದೆ?”

“ದೇವರು ಅದೆ. ಬೂಟು ಬಿಚ್ಚಿ ಬಾ, ಕೈ ಮುಗಿ.”

ಮಚವೆಯ ಮುಂದಿನ ಮೂತಿಗೆ ತೆಂಗಿನಕಾಯಿ ಕಟ್ಟಿ ಕುಂಕುಮ ಹಚ್ಚಿದ್ದು ನಾರಾಯಣನಿಗೂ ಕಾಣುತ್ತದೆ. ತೊಗಲು ಮೆಟ್ಟಿದವರು ಅಲ್ಲಿ ಕಾಲಿಡುವುದಿಲ್ಲವೆಂದು ಅವನಿಗೂ ಗೊತ್ತು. ಅವನು ದೂರದಿಂದಲೇ ಕೈ ಮುಗಿದು ಹಿಂದೆ ಬಂದ. ಸಾಹೇಬರು ದಂಡೆಯಲ್ಲಿ ಕೂತು ಅದನ್ನು ನೋಡುತ್ತಲೇ ಇದ್ದರು. ಏನನ್ನೋ ಬರೆದುಕೊಂಡರು.

ಆ ಚೀಟಿಯಲ್ಲಿ ಇದ್ದದ್ದು ಒಂದೇ ನಂಬರು. ನಾನು ಬಗ್ಗಿ ನೋಡಿದೆ. ಯಾವ ಭರತಕ್ಕೆ ಬರುತ್ತೇನೆಂದು ನಾನು ಬರೆದದ್ದು ನಿನಗೊಬ್ಬನಿಗೆ.

ಅಕ್ಕ ಕೇಳುತ್ತಾಳೆ: ಖಾಯಂ ಆಯಿತೇ?

ಪಾಂಡು


ಹೊನ್ನಾವರ
ತಾ. ೫-೧೨-೧೯೪೩

ಭಾವನವರಿಗೆ ನಮಸ್ಕಾರ.

ಝಡತಿಯ ಸರದಿ ನಾನು ಹಾಕುವುದಲ್ಲ. ನೀವು ಬಂದ ಮೂರು ದಿನವೂ ನನ್ನನ್ನು ಉಪ್ಪಿನ ಲೆಕ್ಕ ತಾಳೆ ನೋಡಲು ಸಾಣಿಕಟ್ಟೆಗೆ ಕಳಿಸಿದ್ದರು. ಸೀರೆಯನ್ನು ಶಿಪಾಯಿಯ ಕೈಯಲ್ಲಿ ಕೊಡುವಂತಿಲ್ಲ. ಹಾಗೆ ಕೊಟ್ಟರೆ ಯಾರಿಗೆ, ಏಕೆ ಎಂಬ ಪ್ರಶ್ನೆ ಬರುತ್ತದೆ.

ಮೂತಿಯ ವಿಷಯ. ಸಾಹೇಬರು ಈ ಕಡೆಯವರಲ್ಲ. ಅಲ್ಲಿಗೆ ಯಾಕೆ ಬಿಡುವುದಿಲ್ಲ ಎಂದು ಎರಡು ಸಲ ನನ್ನನ್ನು ಕೇಳಿದರು. ಪದ್ಧತಿ ಎಂದೆ. ಹಾಗಾದರೆ ಉಳಿದ ಮಚವೆಯವರು ಶಿಪಾಯಿಗೆ ಬೂಟು ಬಿಚ್ಚಿಸಿ ತೋರಿಸುತ್ತಾರಲ್ಲ, ಇವರು ಕರೆದೂ ಕರೆಯದ ಹಾಗೆ ಏಕೆ ಮಾಡುತ್ತಾರೆ ಎಂದರು. ತೋರಿಸಿಬಿಡಿ, ಭಾವ. ತೆಂಗಿನಕಾಯಿಯ ಹಿಂದೆ ಮರದ ಹಲಗೆಯಲ್ಲದೆ ಇನ್ನೇನಿದೆ?

ನಾನೂ ಒಂದು ಮಾತು ಕೇಳಬೇಕು. ಅಕ್ಕ ಪ್ರತಿ ಪತ್ರದಲ್ಲಿ ಖಾಯಂ ಆಯಿತೇ ಎಂದು ಕೇಳಿಸುತ್ತಾಳೆ. ಊಟ ಹೇಗೆ, ಕೆಮ್ಮು ಹೋಯಿತೇ ಎಂದು ಕೇಳುವುದಿಲ್ಲ. ನಾಕೆಯಲ್ಲಿ ಖಾಯಂ ಆದ ನೆಂಟನೊಬ್ಬ ಬೇಕೆಂಬ ಅವಸರ ಅವಳದೋ, ಬರೆಯುವವರದೋ?

ಮಾಬ್ಲೇಶ್ವರ


ಜಾಲಿ
ತಾ. ೧೪-೧೨-೧೯೪೩

ಮಾಬ್ಲೇಶ್ವರನಿಗೆ,

ನಿನ್ನ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಕೊನೆಯ ಸಾಲು ಬಿಟ್ಟು.

ಇನ್ನು ಮುಂದೆ ಬರುವ ಹೊತ್ತು ಬರೆಯುವುದಿಲ್ಲ. ಸಮುದ್ರ ಯಾವಾಗ ಬಿಡುತ್ತದೋ ಆಗ ಬರುತ್ತೇನೆ.

ಒಂದೇ ಪ್ರಶ್ನೆ. ನಂಬರ ಮೂವತ್ತೊಂದು ಎಂದು ಆ ಚೀಟಿಗೆ ಕೊಟ್ಟವರು ಯಾರು? ಗೊತ್ತಿದ್ದರೆ ಬರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರೆ. ಎರಡರಲ್ಲಿ ಒಂದು ಬರೆದರೆ ಸಾಕು.

ಇಷ್ಟು ಬರೆದು ಮಡಚುತ್ತಿದ್ದೆ. ಅಕ್ಕ ಒಳಗಿನಿಂದ “ಬರದ್ರಾ?” ಎಂದಳು. ಬರೆಯದೆ ಬರೆದೆ ಎನ್ನಲು ಬಾಯಿ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ: ಖಾಯಂ ಆಯಿತೇ?

ಪಾಂಡು


ಹೊನ್ನಾವರ
ತಾ. ೧೯-೧-೧೯೪೪

ಭಾವನವರಿಗೆ ನಮಸ್ಕಾರ.

ನಿಮ್ಮ ಪತ್ರಕ್ಕೆ ತಡವಾಗಿ ಬರೆಯುತ್ತಿದ್ದೇನೆ. ಕಚೇರಿಯಲ್ಲಿ ಕೆಲಸ ಹೆಚ್ಚು.

ನೀವು ಈಗ ಭರತವನ್ನು ನೋಡದೆ ಅಳಿವೆ ಹೊಗುತ್ತಿದ್ದೀರೆಂದು ಇಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಸಂಕ್ರಾಂತಿಯ ಹಿಂದಿನ ದಿನ ಇಳಿತದಲ್ಲಿ ಬಂದು ಮಚವೆಯ ತಳ ಮರಳದಿಬ್ಬಕ್ಕೆ ತಾಗಿತಂತೆ, ಬೀರಪ್ಪ ಸೊಂಟದ ನೀರಿಗಿಳಿದು ಹೆಗಲು ಕೊಟ್ಟನಂತೆ. ಇಪ್ಪತ್ತು ವರ್ಷ ಈ ಅಳಿವೆಯಲ್ಲಿ ಓಡಾಡಿದ ತಾಂಡೇಲರು ನೀವು. ಇಳಿತದಲ್ಲಿ ಇದರ ಬಾಯಿ ಎಂಥದೆಂದು ನಿಮಗೆ ನಾನು ಹೇಳಬೇಕೇ? ಸಾಹೇಬರು ಅದನ್ನೂ ಬರೆದಿಟ್ಟಿದ್ದಾರೆ. ಅಂಜಿಕೆಯಿಲ್ಲದವನು ಹೊತ್ತಲ್ಲದ ಹೊತ್ತಿನಲ್ಲಿ ಯಾಕೆ ಬರುತ್ತಾನೆ ಎಂದು ನಮ್ಮೆಲ್ಲರ ಎದುರಿಗೆ ಕೇಳಿದರು. ನಾನು ಉಪ್ಪಿನ ಲೆಕ್ಕ ಬರೆಯುತ್ತಲೇ ಇದ್ದೆ.

ಈಗ ನಾನು ಬರೆಯುವುದನ್ನು ಓದಿ ಸುಟ್ಟುಬಿಡಿ. ಮೂತಿಯ ಹಲಗೆಯ ಹಿಂದೆ ಏನಾದರೂ ಇದ್ದರೆ, ಯಾರದೇ ಆಗಿರಲಿ, ನಿಮ್ಮ ಕೈಗೆ ಯಾರೇ ಕೊಟ್ಟಿರಲಿ, ಮುರ್ಡೇಶ್ವರ ದಾಟುವ ಮೊದಲೇ ಸಮುದ್ರಕ್ಕೆ ಹಾಕಿಬಿಡಿ. ಏನೂ ಇಲ್ಲದಿದ್ದರೆ ಇಲ್ಲ ಎಂದು ಒಂದು ಸಾಲು ಬರೆಯಿರಿ.

ಖಾಯಂ ಆಗಿಲ್ಲ.

ಮಾಬ್ಲೇಶ್ವರ


ಹೊನ್ನಾವರ
ತಾ. ೧೬-೨-೧೯೪೪

ಭಾವನವರಿಗೆ,

ನಿಮ್ಮ ಉತ್ತರ ಬರಲಿಲ್ಲ. ಬರುವ ಹೊತ್ತನ್ನು ತಿಳಿಸಿ. ಮತ್ತೇನೂ ಬರೆಯದಿದ್ದರೂ ಅದೊಂದನ್ನು ತಿಳಿಸಿ. ದಯಮಾಡಿ.

ಮಾ.


ಜಾಲಿ
ತಾ. ೯-೩-೧೯೪೪

ನಾಕೆಯ ಕಾರಕೂನರಿಗೆ,

ಜಾಮೀನಿನ ಮೇಲೆ ಬಿಟ್ಟಿದ್ದಾರೆ. ನಾನು, ಬೀರಪ್ಪ, ಉಳಿದ ಮೂವರು ಖಲಾಶಿಗಳು ನಡೆದು ಊರಿಗೆ ಬಂದೆವು. ಮಚವೆ ನಿಮ್ಮ ದಂಡೆಯಲ್ಲಿ ಸರಪಳಿ ಕಟ್ಟಿಸಿಕೊಂಡು ಬಿದ್ದಿದೆ. ಬಿಸಿಲಿಗೆ ಹೊಸ ಹಲಗೆ ಬಿರಿಯುತ್ತದೆ. ದಿನಕ್ಕೊಮ್ಮೆ ನೀರು ಚಿಮುಕಿಸಲು ಯಾರಿಗಾದರೂ ಹೇಳುವುದು ಕಾರಕೂನರ ಕೈಯಲ್ಲಿದ್ದರೆ ಹೇಳಬೇಕು.

ಶನಿವಾರ ಬೆಳಗಿನ ಭರತಕ್ಕೆ ನಾವು ಬರುತ್ತೇವೆಂದು ನಿನಗೆ ಗೊತ್ತಿರಲಿಲ್ಲ. ನಮ್ಮನ್ನು ಕಂಡಾಗ ನಿನ್ನ ಮುಖ ನೋಡಿ ಅದು ನನಗೆ ತಿಳಿಯಿತು. ಆದರೂ ನೀನು ಕಾಗದ ಹಿಡಿದು ಮಚವೆ ಹತ್ತಿದೆ.

ಸಾಹೇಬರು ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ. ಬೂಟು ಹಾಕಿಕೊಂಡೇ ನೇರ ಮೂತಿಗೆ ಹೋದರು. ಬೀರಪ್ಪ ಅಡ್ಡ ನಿಂತು, “ಒಡೆಯಾ, ನನ್ನ ತಲೆ ಮೇಲೆ ಕಾಲಿಡಿ, ಅಲ್ಲಿ ಬೇಡ” ಎಂದ. ನಾರಾಯಣ ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. ಎಳೆಯುವಾಗ “ನಂದೆಂತ ತಪ್ಪಿಲ್ಲ ಅಜ್ಜ” ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಹಲಗೆ ಒಡೆದರು. ಚೀಲ ಹೊರಗೆ ಬಂತು.

ಆಮೇಲೆ ನೀನು ನನ್ನ ಎದುರಿಗೆ ಬಂದು ಕೇಳಿದೆ. “ಹೆಸರು?”

“ಪಾಂಡು.”

“ತಂದೆಯ ಹೆಸರು?”

ನನ್ನ ಮದುವೆಯ ದಿನ ನೀನು ಒಂಬತ್ತು ವರ್ಷದವ. ನನ್ನ ತಂದೆಯ ಹೆಗಲ ಮೇಲೆ ಕೂತು ದಿಬ್ಬಣ ನೋಡಿದವ. ಆ ಹೆಸರನ್ನು ನಿನಗೆ ನಾನು ಹೇಳಿದೆ, ನೀನು ಬರೆದುಕೊಂಡೆ.

“ಅಕ್ಕಿ ಯಾರದು?”

ಅದು ಹೇಳುವಂಥದಲ್ಲ ಎಂದೆ. ಬೇರೆ ಯಾರು ಕೇಳಿದ್ದರೂ ಹೇಳುತ್ತಿದ್ದೆನೋ ಏನೋ. ನಿನಗೆ ಹೇಳುವಂಥದಲ್ಲ. ನೀನು ‘ಅಕ್ಕಿಯ ಮೂಲ ತಿಳಿಸಲು ಆರೋಪಿಯು ನಿರಾಕರಿಸಿದನು’ ಎಂದು ಬರೆದು, ಓದಿ ಹೇಳಿ, ನನ್ನ ಸಹಿ ಹಾಕಿಸಿಕೊಂಡೆ. ನಿನ್ನ ಅಕ್ಷರ ಚೆನ್ನಾಗಿದೆ. ಮುಲ್ಕಿ ಪರೀಕ್ಷೆ ಮುಗಿಸಿದಾಗ ನೀನು ಬರೆದ ಕಾಗದವನ್ನು ಅಕ್ಕ ಈಗಲೂ ದೇವರ ಪಟದ ಹಿಂದೆ ಇಟ್ಟಿದ್ದಾಳೆ.

ಮಚವೆ ಇಲ್ಲದೆ ಮನೆಗೆ ಬಂದವನಿಗೆ ಅವಳು ನೀರು ಕೊಟ್ಟಳು. ಎಲ್ಲ ಕೇಳಿದಳು. ನೀನು ನನ್ನ ಹೆಸರು ಕೇಳಿದ್ದನ್ನು ಮಾತ್ರ ನಾನು ಹೇಳಲಿಲ್ಲ. ಕೊನೆಗೆ ಏನು ಕೇಳಿದಳು ಗೊತ್ತೇ? ಖಾಯಂ ಆಯಿತೇ ಎಂದು ಬರೆಯಿರಿ ಅಂತ. ಬರೆದಿದ್ದೇನೆ.

ಪಾಂಡು


ಹೊನ್ನಾವರ
ತಾ. ೨-೪-೧೯೪೪

ಭಾವನವರಿಗೆ ನಮಸ್ಕಾರ.

ಮಚವೆಗೆ ದಿನವೂ ನೀರು ಹಾಕಿಸುತ್ತಿದ್ದೇನೆ.

ನಾನು ಹೆಸರು ಕೇಳದೆ ಬರೆದಿದ್ದರೆ, ಕೇಳದೆ ಗೊತ್ತಾದದ್ದು ಹೇಗೆ ಎಂದು ಸಾಹೇಬರು ನನ್ನನ್ನು ಕೇಳುತ್ತಿದ್ದರು. ಇದಕ್ಕಿಂತ ಹೆಚ್ಚು ಸಮಜಾಯಿಷಿ ನನ್ನಲ್ಲಿಲ್ಲ.

ಆದರೆ ನೀವೂ ನನಗೊಂದು ಸಮಜಾಯಿಷಿ ಕೊಡಬೇಕು. ಚೀಲ ತೂಗಿದಾಗ ಇಪ್ಪತ್ತೆಂಟು ಸೇರು ಬಂತು. ಸಾಹೇಬರು ಮಾದರಿ ತೆಗೆಯುವ ಕೊಳವೆಯನ್ನು ಚೀಲಕ್ಕೆ ಮೂರು ಕಡೆ ಚುಚ್ಚಿದರು. ನಾನು ಕಂಡದ್ದನ್ನು ಕಂಡಂತೆ ಬರೆದೆ. ಮೇಲಿನ ಭಾಗದಲ್ಲಿ ರೇಶನ್ನಿನ ಬಿಳಿ ನುಚ್ಚಕ್ಕಿ. ನಡುವೆ ಕೆಂಪು, ಬಿಳಿ ಬೆರೆತದ್ದು, ಸ್ವಲ್ಪ ಭತ್ತದ ಕಾಳು ಸಹಿತ. ತಳದಲ್ಲಿ ಹಳೆಯ ಕೆಂಪು ಕುಚ್ಚಲಕ್ಕಿ, ಹುಳ ಕೊರೆದದ್ದು. ಒಂದು ಮನೆಯ ಅಕ್ಕಿ ಹೀಗಿರುವುದಿಲ್ಲ. ಹತ್ತಾರು ಮನೆಗಳಿಂದ ಗುಟ್ಟಾಗಿ ಕೊಂಡು ಕೂಡಿಸಿದ್ದೆಂದು ಸಾಹೇಬರ ಅಭಿಪ್ರಾಯ. ನನಗೂ ಬೇರೆ ಏನೂ ತೋಚಲಿಲ್ಲ. ನೀವು ಹೇಳುವಂಥದಲ್ಲ ಎಂದಿರಿ. ನಾನು ಅದನ್ನು ಒಪ್ಪಿಗೆಯೆಂದು ತಿಳಿದೆ. ಅಲ್ಲವಾದರೆ ಅಲ್ಲವೆಂದು ಹೇಳಿ.

ವಿಚಾರಣೆ ಕುಮಟೆಯ ಪ್ರಾಂತ ಸಾಹೇಬರ ಎದುರು, ಇದೇ ಹತ್ತೊಂಬತ್ತಕ್ಕೆ. ಅಂದು ತೀರ್ಮಾನವಾದರೆ ಮಚವೆ ಹರಾಜಿಗೆ ಹೋಗುತ್ತದೆ. ನಿಮಗೆ ಆರು ತಿಂಗಳ ಸಜೆಯೂ ಆಗಬಹುದು.

ಅಕ್ಕನಿಗೆ ತಿಳಿಸಿ. ನಂಬರ ಮೂವತ್ತೊಂದನ್ನು ಹಿಡಿದ ಮೇಲೆ ಸಾಹೇಬರು ನನ್ನ ಶಿಫಾರಸು ಕಳಿಸಿದರು. ಆದೇಶ ನಿನ್ನೆ ಕೈಗೆ ಬಂತು. ಏಪ್ರಿಲ್ ಒಂದರಿಂದ ಕೆಲಸ ಖಾಯಂ.

ಮಾಬ್ಲೇಶ್ವರ


ಜಾಲಿ
ತಾ. ೯-೪-೧೯೪೪

ಚಿ. ಮಾಬ್ಲೇಶ್ವರನಿಗೆ,

ನಿನ್ನ ಕಾಗದದ ಕೊನೆಯ ಸಾಲನ್ನು ಓದುತ್ತಿದ್ದಂತೆ ಅಕ್ಕ ಎದ್ದು ಹೋದಳು. ಅಳಲು ಹೋದಳೆಂದುಕೊಂಡೆ. ಸಮುದ್ರದ ಬದಿಯ ಜಟಗನ ಕಲ್ಲಿಗೆ ಕಾಯಿ ಒಡೆದು ಬಂದಳು. ಕೂತಳು. “ಆತು. ಈಗ ಹೇಳ್ಲಕ್ಕು, ಬರೀರಿ” ಎಂದಳು.

ಆ ಅಕ್ಕಿ ನಿನ್ನದು.

ಹೋದ ವರ್ಷದ ಹಿಂದಿನ ದೀಪಾವಳಿಗೆ ನೀನು ನಾಕೆಯಲ್ಲಿ ಹಂಗಾಮಿ ಕೆಲಸಕ್ಕೆ ಸೇರಿದೆಯಲ್ಲ, ಆಗ ಅವಳು ಜಟಗನಿಗೆ ಹರಕೆ ಹೊತ್ತಳು. ತಮ್ಮನ ಕೆಲಸ ಖಾಯಂ ಆಗುವವರೆಗೆ, ಅವನು ಕೂತ ನಾಕೆಯ ಮುಂದೆ ಮಚವೆ ಅಳಿವೆ ದಾಟಿದಾಗಲೆಲ್ಲ, ಮಚವೆಯಲ್ಲಿದ್ದವರು ತಮ್ಮ ಊಟದ ಪಾಲಿನಿಂದ ಒಬ್ಬೊಬ್ಬರು ಒಂದೊಂದು ಹಿಡಿ ಮೂತಿಯ ಚೀಲಕ್ಕೆ ಹಾಕಬೇಕು. ಹರಕೆ ತೀರುವವರೆಗೆ ಚೀಲವನ್ನು ನಾವಾಗಿ ದಡಕ್ಕೆ ಇಳಿಸಬಾರದು. ಯಾರ ಸಲುವಾಗಿ ಹೊತ್ತದ್ದೋ ಅವರ ಕಿವಿಗೆ ಬೀಳಬಾರದು. ಬಿದ್ದರೆ ಕೆಟ್ಟಿತು.

ಹೋಗುವಾಗ ಐದು ಹಿಡಿ, ಬರುವಾಗ ಐದು ಹಿಡಿ. ಹೋದ ವರ್ಷ ಮನೆಯ ಕೆಂಪಕ್ಕಿ ಇತ್ತು, ಅದನ್ನು ಹಾಕಿದೆವು. ಆಮೇಲೆ ಅಲ್ಲಿಂದ ಇಲ್ಲಿಂದ ಸಿಕ್ಕಿದ್ದು. ಈ ವರ್ಷ ರೇಶನ್ನಿನ ನುಚ್ಚು. ಬೀರಪ್ಪನ ಮನೆಯಲ್ಲಿ ಈಗ ಎರಡು ಹೊತ್ತು ಗಂಜಿಗೂ ಅಕ್ಕಿ ಇಲ್ಲ. ಆದರೂ ಅವನು ಒಂದು ಸಲವೂ ತಪ್ಪಿಸಲಿಲ್ಲ. “ನಮ್ಮ ಕಾರಕೂನನ ಪಾಲು” ಎನ್ನುತ್ತಿದ್ದ.

ಖಾಯಂ ಆಯಿತೇ ಎಂದು ಅವಳು ಕೇಳಿಸುತ್ತಿದ್ದದ್ದು ಅದಕ್ಕೆ. ಆಯಿತು ಎಂದು ನೀನು ಬರೆದ ದಿನ ಚೀಲ ಇಳಿಸಬಹುದಿತ್ತು. ಅಕ್ಕಿಯ ಕಾನೂನು ಬಂದಾಗ ನಾನು ಅವಳಿಗೆ ಹೇಳಿದೆ, ಚೀಲ ಭಾರವಾಗುತ್ತಿದೆ, ಹಿಡಿದರೆ ಮಚವೆ ಹೋಗುತ್ತದೆ ಎಂದು. “ಮಾರ್ಚಿಗೆ ಆಗ್ತದಂತಲ್ಲ, ಅಲ್ಲೀವರೆಗೆ ತಡೀರಿ” ಎಂದಳು. ತಡೆದೆ. ಹೊತ್ತಲ್ಲದ ಹೊತ್ತಿನಲ್ಲಿ ಅಳಿವೆ ಹೊಕ್ಕದ್ದೂ ಅದಕ್ಕೆ. ಸಾಹೇಬರು ಊಟಕ್ಕೆ ಹೋದ ವೇಳೆ ಸಿಕ್ಕರೆ ಸಾಕಿತ್ತು. ಶನಿವಾರ ಇಷ್ಟೆಲ್ಲ ಆಗುವಾಗಲೂ ಕಾಗದ ಹಿಡಿದು ನಿಂತವನು ನೀನೇ. ನಿನ್ನ ಎದುರು ಹೇಗೆ ಹೇಳಲಿ?

ನಿನಗೆ ಐದನೆಯ ವರ್ಷದಲ್ಲಿ ಸಿಡುಬು ಬಂದಾಗ ನಿನ್ನ ಅವ್ವ ನಿಮ್ಮ ದೋಣಿಯಲ್ಲಿ ಹೀಗೆಯೇ ಕಟ್ಟಿದ್ದಳಂತೆ. ಗುಣವಾದ ಮೇಲೆ ಬಣ್ಣಬಣ್ಣದ ಅಕ್ಕಿಯ ಅನ್ನ ಉಂಡು ನೀನು ನಕ್ಕಿದ್ದೆಯಂತೆ. ಕೊಳವೆಯಲ್ಲಿ ಅದೇ ಅಕ್ಕಿ ಬಂತು, ನಿನಗೆ ಗುರುತು ಸಿಗಲಿಲ್ಲ.

ಹತ್ತೊಂಬತ್ತಕ್ಕೆ ಕುಮಟೆಗೆ ಹೋಗುತ್ತೇನೆ. ಹರಕೆಯ ಅಕ್ಕಿ ಎನ್ನುತ್ತೇನೆ. ಯಾರ ಹರಕೆ ಎಂದರೆ ಸುಮ್ಮನಿರುತ್ತೇನೆ. ದಂಡೆಯಲ್ಲಿ ಹೆಸರು ಹಿಡಿದು ಕರೆಯಬೇಡಿ ಎಂದು ನೀನೇ ಬರೆದಿದ್ದೆ. ಕೋರ್ಟಿನಲ್ಲಿಯೂ ಕರೆಯುವುದಿಲ್ಲ.

ಹರಕೆ ಕೂಡಿತು, ಇನ್ನು ಜಟಗನ ಮುಂದೆ ಆ ಅಕ್ಕಿ ಬೇಯಿಸಬೇಕು. ಮೊದಲ ತುತ್ತು ನೀನು ಉಣ್ಣಬೇಕು. ಅಕ್ಕಿ ನಿನ್ನ ಕಚೇರಿಯಲ್ಲಿ ಅರಗಿನ ಮುದ್ರೆಯ ಕೆಳಗಿದೆ. ಅದೆಲ್ಲ ಅವಳಿಗೆ ಅರ್ಥವಾಗುವುದಿಲ್ಲ. ಅವಳು ಕೇಳುತ್ತಾಳೆ: ಯಾವತ್ತು ಬರುತ್ತೀ?

ಪಾಂಡು


ಹೊನ್ನಾವರ
ತಾ. ೩೦-೪-೧೯೪೪

ಭಾವ,

ಕುಮಟೆಯಲ್ಲಿ ನಾನು ಎದ್ದು ನಿಂತಾಗ ನೀವು ನನ್ನ ಕಡೆ ನೋಡಲಿಲ್ಲ. ತೀರ್ಮಾನ ಆಮೇಲೆ ಎಂದು ನಿಮ್ಮನ್ನು ಊರಿಗೆ ಕಳಿಸಿದರು. ಅಕ್ಕನಿಗೆ ಓದಿ ಹೇಳಲೆಂದು ಅಲ್ಲಿ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ.

ಪ್ರಾಂತ ಸಾಹೇಬರು ಕೇಳಿದರು, “ಕಾರಕೂನ, ನಿನ್ನ ಪಂಚನಾಮೆಗೆ ಸೇರಿಸುವುದೇನಾದರೂ ಇದೆಯೇ?”

“ಒಂದು ಇದೆ. ಆರೋಪಿಯ ಹೆಂಡತಿ ನನ್ನ ಅಕ್ಕ. ಅಕ್ಕಿ ನನ್ನ ಹೆಸರಿನ ಹರಕೆಯದು.”

“ಇದು ನಿನಗೆ ಆಗ ಗೊತ್ತಿತ್ತೇ?”

“ಅಕ್ಕಿಯದು ಗೊತ್ತಿರಲಿಲ್ಲ. ಅಕ್ಕ ಗೊತ್ತಿದ್ದಳು.”

ಯಾರೋ ನಕ್ಕರು. ಪ್ರಾಂತ ಸಾಹೇಬರು ನಗಲಿಲ್ಲ. ನೆಂಟನನ್ನು ಉಳಿಸಲು ಈಗ ಕಟ್ಟಿದ ಕಥೆಯಲ್ಲವೆಂದು ಹೇಗೆ ನಂಬಲಿ ಎಂದರು. ನಾನು ಪಂಚನಾಮೆಯನ್ನೇ ಓದಲು ಕೇಳಿಕೊಂಡೆ. ಮೇಲೆ ಈ ವರ್ಷದ ರೇಶನ್ನಿನ ನುಚ್ಚು, ನಡುವೆ ಬೆರಕೆ, ತಳದಲ್ಲಿ ಹೋದ ವರ್ಷದ ಹುಳ ಹಿಡಿದ ಕೆಂಪಕ್ಕಿ. ಮಾರಲು ಕೂಡಿಸಿದವನು ಒಮ್ಮೆಗೇ ಸುರಿಯುತ್ತಾನೆ, ಎಲ್ಲ ಕಲಸಿಹೋಗುತ್ತದೆ. ಒಂದೂವರೆ ವರ್ಷ ಹುಳ ಹಿಡಿಯುವವರೆಗೆ ಯಾರೂ ಮಾರುವ ಅಕ್ಕಿಯನ್ನು ಇಟ್ಟುಕೊಂಡು ಓಡಾಡುವುದಿಲ್ಲ. ಸಾಹೇಬರು ಕಡತದಲ್ಲಿದ್ದ ಮೂರು ಮಾದರಿಯ ಪೊಟ್ಟಣಗಳನ್ನು ಬಿಚ್ಚಿ ಒಂದರ ಪಕ್ಕ ಒಂದಿಟ್ಟು ನೋಡಿದರು. ಆಮೇಲೆ ಬೀರಪ್ಪನನ್ನು ಕರೆದು ಯಾರ ಹರಕೆ ಎಂದರು. ಅವನು ನಿಮ್ಮ ಮುಖ ನೋಡಿದ, ನನ್ನ ಮುಖ ನೋಡಿದ. “ಅವನೇ ಹೇಳಿದ್ನಲ್ಲ ಒಡೆಯಾ, ಇನ್ನೆಂತ ನನ್ನ ಕೇಳೂದು” ಎಂದ.

ಈ ವಾರ ತೀರ್ಮಾನ ಬಂತು. ಮಚವೆ ಬಿಟ್ಟಿದ್ದಾರೆ. ನಿಮ್ಮ ಮೇಲಿನ ಆರೋಪ ರದ್ದಾಗಿದೆ. ಅಕ್ಕಿ ಸರ್ಕಾರದ್ದಾಯಿತು, ಪರವಾನಗಿ ಇರಲಿಲ್ಲವೆಂಬುದು ಸತ್ಯವೇ.

ಹೊಸ ಸಾಹೇಬರು ಬಂದ ವಾರ ನನ್ನಿಂದ ಎರಡು ಕಾಗದ ಬರೆಸಿಕೊಂಡಿದ್ದರು. ಒಂದರಲ್ಲಿ, ಮಚವೆಯ ಕಸುಬಿನಲ್ಲಿರುವ ನೆಂಟರ ಹೆಸರು. ನಾನು ‘ಯಾರೂ ಇಲ್ಲ’ ಎಂದು ಬರೆದೆ. ಇದ್ದಾರೆಂದರೆ ಹಂಗಾಮಿಯವನನ್ನು ಅಂದೇ ಕಳಿಸಿಬಿಡುತ್ತಾರೆಂಬ ಭಯ. ಆ ಸುಳ್ಳಿಗಾಗಿ ಹತ್ತೊಂಬತ್ತರ ಸಂಜೆಯೇ ನನ್ನನ್ನು ತೆಗೆದರು. ನಾನು ಖಾಯಂ ಆಗಿದ್ದು ಹತ್ತೊಂಬತ್ತು ದಿನ.

ಎರಡನೆಯ ಕಾಗದದಲ್ಲಿ, ಮೊದಲು ಝಡತಿ ಮಾಡಬೇಕಾದ ಒಂದು ಮಚವೆಯ ನಂಬರು. ಡಿಸೆಂಬರಿನಲ್ಲಿ ನೀವು ಕೇಳಿದಿರಿ, ಕೊಟ್ಟವರು ಯಾರೆಂದು. ಗೊತ್ತಿದೆ ಎಂದೂ ಗೊತ್ತಿಲ್ಲ ಎಂದೂ ನಾನು ಬರೆಯಲಿಲ್ಲ. ಕೊಟ್ಟವನು ನಾನು. ಬೇರೆಯವರ ನಂಬರು ಬರೆದರೆ ಏನಾದರೂ ಸಿಕ್ಕೀತು, ಅವರ ಸಂಸಾರ ನನ್ನಿಂದ ಹಾಳಾದೀತು ಎಂದು ಅಂಜಿದೆ. ಏನೂ ಸಿಗುವುದಿಲ್ಲವೆಂದು ನಾನು ಆಣೆ ಮಾಡಬಹುದಾಗಿದ್ದ ಮಚವೆ ಈ ಅಳಿವೆಯಲ್ಲಿ ಒಂದೇ ಇತ್ತು. ನಿಮ್ಮ ನಂಬರು ಬರೆದರೆ ನನ್ನ ಮೇಲೆ ನೆಂಟಸ್ತಿಕೆಯ ಸಂಶಯವೂ ಬಾರದು ಎಂಬ ಲೆಕ್ಕವೂ ಇತ್ತು. ಎರಡರಲ್ಲಿ ಯಾವುದು ಮೊದಲು ಹೊಳೆಯಿತೆಂದು ನನ್ನನ್ನು ಕೇಳಬೇಡಿ.

ಬರುವ ಹೊತ್ತು ಕೇಳುತ್ತಿದ್ದದ್ದು ಸಾಹೇಬರಿಗೆ ತಿಳಿಸಲು ಅಲ್ಲ. ಆ ದಿನ ನಾನು ಬೇರೆ ಕೆಲಸ ಕೇಳಿ ಪಡೆದು ಊರು ಬಿಡುತ್ತಿದ್ದೆ. ನೀವು ಬರೆಯುವುದು ನಿಲ್ಲಿಸಿದ ಮೇಲೆ ದೂರದಲ್ಲಿ ನಿಮ್ಮ ಹಾಯಿ ಕಂಡರೆ ಹಿಂಬಾಗಿಲಿನಿಂದ ಹೋಗುತ್ತಿದ್ದೆ. ಆ ಶನಿವಾರ ತಲೆ ತಗ್ಗಿಸಿ ಬರೆಯುತ್ತ ಕೂತಿದ್ದೆ, ಹಾಯಿ ಕಾಣಲಿಲ್ಲ.

ಚಾರ್ಜು ಕೊಡುವಾಗ, ಮುಗಿದ ಪ್ರಕರಣಗಳ ಮಾದರಿಗಳನ್ನು ಹೊರಗೆ ಎಸೆಯುವುದು ಕಾರಕೂನನ ಕೆಲಸ. ಆ ಮೂರು ಪೊಟ್ಟಣಗಳನ್ನು ನಾನು ಎಸೆದಿಲ್ಲ. ಕೂಡಿಸಿ ನೋಡಿದೆ, ಸರಿಯಾಗಿ ಒಂದು ಹಿಡಿ ಆಗುತ್ತದೆ. ಹತ್ತೊಂಬತ್ತು ದಿನದ ಖಾಯಮ್ಮಿಗೆ ಹರಕೆ ಕೂಡಿದ ಹಾಗೋ ಅಲ್ಲವೋ, ಅದನ್ನು ಅಕ್ಕನೇ ಹೇಳಬೇಕು. ಅಕ್ಕಿಯನ್ನೂ ಸೀರೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದೇನೆ.

ಮಚವೆ ಒಯ್ಯಲು ನೀವು ಬರಲೇಬೇಕು. ಯಾವ ದಿನ, ಯಾವ ಭರತಕ್ಕೆ ಎಂದು ಬರೆಯಬೇಡಿ. ಈಗ ನನಗೆ ಬೇರೆ ಕೆಲಸವಿಲ್ಲ; ಬೆಳಗಿನಿಂದ ನಂಬರ ಮೂವತ್ತೊಂದರ ಪಕ್ಕದಲ್ಲಿಯೇ ಕೂತಿರುತ್ತೇನೆ, ಹಲಗೆಗಳಿಗೆ ನೀರು ಹಾಕುತ್ತ. ಹೆಸರು ಹಿಡಿದು ಕರೆದರೆ ಹತ್ತುತ್ತೇನೆ. ಕರೆಯದಿದ್ದರೆ ಗಂಟನ್ನು ಬೀರಪ್ಪನ ಕೈಯಲ್ಲಿ ಕೊಟ್ಟು, ಸರಪಳಿ ಬಿಚ್ಚಿ, ಮಚವೆಯನ್ನು ನೀರಿಗೆ ನೂಕಿ ಕೊಡುತ್ತೇನೆ.

ಮಾಬ್ಲೇಶ್ವರ